ಅಪ್ಪ, ಯೆನ್ನು, ಪೌಂಡು

ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆಮನೆಯಲ್ಲಿ ತೀರಾ ಒತ್ತಾಯ ಮಾಡಿದರೆ ಒಂದು ಒಗಟು ಕಟ್ಟಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿ ಮುಗಿಸುತ್ತಿದ್ದರು. ನನ್ನ ಲ್ಯಾಪ್‌ಟಾಪಿನೊಳಗೆ ಸಂಸಾರ ಹೂಡಿರುವ ಆಪರೇಟಿಂಗ್ ಸಿಸ್ಟಮ್ಮಿನ ಹೆಸರನ್ನು ನಾನೂ ಹೇಳುವುದಿಲ್ಲ. ಗೌರವದಿಂದಲ್ಲ, ಭಯದಿಂದ. ಹೆಸರು ಕಿವಿಗೆ ಬಿದ್ದರೆ ಎದ್ದು ಕೂತು ಇನ್ನೊಂದು ಅಪ್‌ಡೇಟ್ ಕೇಳೀತು.

ಮೊದಲಿಗೆ ಅದು ಬಹಳ ಮರ್ಯಾದೆಯಿಂದಲೇ ಕೇಳಿತು. ಪರದೆಯ ಮೂಲೆಯಲ್ಲಿ ಒಂದು ಚೀಟಿ: ನಿಮಗಾಗಿ ಹೊಸ ಆವೃತ್ತಿ ಸಿದ್ಧವಾಗಿದೆ. ನಾನು ದಿನವೂ 'ನಂತರ ನೆನಪಿಸು' ಒತ್ತುತ್ತಿದ್ದೆ. ಊರ ಬಾಗಿಲುಗಳ ಮೇಲೆ ಹಿಂದೆ ದೆವ್ವಕ್ಕೆಂದು 'ನಾಳೆ ಬಾ' ಎಂದು ಬರೆದಿಡುತ್ತಿದ್ದರಲ್ಲ, ಹಾಗೆ. ಆ ದೆವ್ವ ಪಾಪ, ಓದಿಕೊಂಡು ಹೋಗುತ್ತಿತ್ತು, ಮರುದಿನ ಬಂದು ಮತ್ತೆ ಓದಿಕೊಂಡು ಹೋಗುತ್ತಿತ್ತು. ಈ ದೆವ್ವ ಮಾತ್ರ ಒಂದು ದಿನ ಹಳೆಯ ಆವೃತ್ತಿಗೆ ಇನ್ನು ಮುಂದೆ ರಕ್ಷಣೆ ಇಲ್ಲವೆಂದು ಕೆಂಪಕ್ಷರದಲ್ಲಿ ಹೆದರಿಸಿತು. ಯಂತ್ರದೊಳಗೆ ಭದ್ರತೆಯ ಚಿಪ್ಪು ಇದೆಯೇ, ಪ್ರೊಸೆಸರ್ ಯಾವ ತಲೆಮಾರಿನದು ಎಂದೆಲ್ಲ ಜಾತಕ ಕೂಡಿಸಿ ನೋಡಿ, ಹೊಂದಾಣಿಕೆ ಆಗುತ್ತದೆ ಎಂದಿತು. ಒಂದು ಶನಿವಾರ ರಾತ್ರಿ ಊಟ ಮುಗಿಸಿ, ಒಪ್ಪಿಗೆಯ ಗುಂಡಿ ಒತ್ತಿದೆ.

ಪರದೆಯ ಮೇಲೆ ಶೇಕಡಾ ಲೆಕ್ಕ ಶುರುವಾಯಿತು. ಪುತ್ತೂರಿನಿಂದ ಮೈಸೂರಿಗೆ ರಾತ್ರಿ ಬಸ್ಸಿನಲ್ಲಿ ಬಂದವರಿಗೆ ಈ ಅನುಭವ ಹೊಸದಲ್ಲ. ಸುಳ್ಯದವರೆಗೆ ಬೇಗ ಬರುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಬಸ್ಸು ಚಲಿಸುತ್ತಿದೆಯೋ ಮರಗಳು ಚಲಿಸುತ್ತಿವೆಯೋ ತಿಳಿಯುವುದಿಲ್ಲ. ಮಡಿಕೇರಿಯಲ್ಲಿ ಕಾರಣ ಹೇಳದೆ ನಿಲ್ಲುತ್ತದೆ, ಡ್ರೈವರ್ ಇಳಿದು ಎಲ್ಲೋ ಹೋಗುತ್ತಾನೆ. ನನ್ನ ಶೇಕಡಾ ಬಸ್ಸು ಅರುವತ್ತೆಂಟರಲ್ಲಿ ನಿಂತಿತು. 'ಕಂಪ್ಯೂಟರನ್ನು ಆರಿಸಬೇಡಿ' ಎಂಬ ಆಜ್ಞೆ ಬೇರೆ. ಹೆರಿಗೆ ವಾರ್ಡಿನ ಹೊರಗೆ ಕೂತವನಂತೆ ಒಂದು ಗಂಟೆಯವರೆಗೆ ಕೂತಿದ್ದು ಮಲಗಿಬಿಟ್ಟೆ.

ಬೆಳಿಗ್ಗೆ ನೋಡಿದರೆ ಎಲ್ಲವೂ ಸುಂದರ. ಮೂಲೆಗಳು ದುಂಡಗಾಗಿವೆ. ಎಡತುದಿಯಲ್ಲಿ ಇರುತ್ತಿದ್ದ ಗುಂಡಿ ನಡುಮಧ್ಯಕ್ಕೆ ಬಂದು ಕೂತಿದೆ. ಇಷ್ಟು ವರ್ಷ ಕೈಗೆ ಕಣ್ಣು ಬೇಕಿರಲಿಲ್ಲ, ಈಗ ಕೈ ಎಡಕ್ಕೆ ಹೋಗಿ ಬರಿಗೋಡೆ ತಡವಿ ವಾಪಸು ಬರುತ್ತದೆ. ಕರೆಂಟು ಹೋದಾಗ ಬಾಡಿಗೆಯವರು ಸ್ವಿಚ್ಚು ಹುಡುಕಿದ ಹಾಗೆ. ಬಲಗುಂಡಿ ಒತ್ತಿದರೆ ಬರುತ್ತಿದ್ದ ಉದ್ದದ ಪಟ್ಟಿಯನ್ನು ಚಿಕ್ಕದು ಮಾಡಿ, ಉಳಿದವನ್ನು 'ಇನ್ನಷ್ಟು ಆಯ್ಕೆಗಳು' ಎಂಬ ಅಟ್ಟಕ್ಕೆ ಹಾಕಿದ್ದರು. ನನಗೆ ಬೇಕಾದದ್ದೆಲ್ಲ ಅಟ್ಟದ ಮೇಲೇ ಇತ್ತು.

ಸ್ಪೀಕರ್ ಮೂಕವಾಗಿತ್ತು. ಅದನ್ನು ಬಿಡೋಣ. ಪ್ರಿಂಟರಿನ ಕಥೆಯನ್ನು ಮಾತ್ರ ಹೇಳದೆ ಇರಲಾರೆ.

ಪ್ರಿಂಟರು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಇದೆ. ದೀಪ ಉರಿಯುತ್ತಿದೆ. ಕಾಗದ ಬಾಯಲ್ಲಿದೆ. ಲ್ಯಾಪ್‌ಟಾಪು ಮಾತ್ರ ಅದು 'ಆಫ್‌ಲೈನ್' ಎನ್ನುತ್ತದೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರು. ನಡುವೆ ಸಂಧಾನಕ್ಕೆ ನಾನು. ವಯರು ಕಿತ್ತು ಚುಚ್ಚಿದೆ. ಡ್ರೈವರ್ ಎಂಬ ಸಣ್ಣ ತಂತ್ರಾಂಶವೊಂದು ಇರುತ್ತದಂತೆ, ಇವಳ ಮಾತನ್ನು ಅವಳಿಗೆ ತಿಳಿಯುವ ಹಾಗೆ ಹೇಳುವ ದುಭಾಷಿ. ಹಳೆಯ ದುಭಾಷಿಗೆ ಹೊಸ ಭಾಷೆ ಬರುತ್ತಿರಲಿಲ್ಲ. ಹೊಸಬನನ್ನು ಕರೆತಂದು ಕೂರಿಸಿದೆ. ಆಗ ಒಂದೇ ಪ್ರಿಂಟರು ನಾಲ್ಕಾಗಿ ಕಾಣಿಸಿಕೊಂಡಿತು, ಪ್ರತಿ 1, ಪ್ರತಿ 2 ಎಂದು. ನಾಲ್ಕೂ ಆಫ್‌ಲೈನ್. ಕರೆಂಟು ಬಿಲ್ಲಿನ ರಸೀದಿ ಮುದ್ರಿಸಲು ಪ್ರತಿಯೊಂದಕ್ಕೂ ಎರಡು ಮೂರು ಬಾರಿ ಹೇಳಿ ನೋಡಿದೆ. ಕೊನೆಗೆ ಜರ್ಮನಿಯಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ, "ಅಪ್ಪಾ, ಸ್ಪೂಲರ್ ಅಂತ ಒಂದು ಸರ್ವೀಸ್ ಇದೆ, ಅದನ್ನ ನಿಲ್ಲಿಸಿ ಮತ್ತೆ ಶುರು ಮಾಡು" ಎಂದಳು. ಮುದ್ರಿಸಬೇಕಾದ್ದನ್ನೆಲ್ಲ ಸಾಲಾಗಿ ನಿಲ್ಲಿಸುವ ಪಂಕ್ತಿ ಬಡಿಸುವವನೇ ಈ ಸ್ಪೂಲರ್. ಅವನು ನಿದ್ದೆ ಹೋಗಿದ್ದ. ಎಬ್ಬಿಸಿದ್ದೇ ತಡ, ಪ್ರಿಂಟರು ಒಮ್ಮೆ ಕೆಮ್ಮಿ, ಹನ್ನೊಂದು ಕರೆಂಟು ಬಿಲ್ಲು ಉಗುಳಿತು. ಹನ್ನೊಂದೂ ಬಣ್ಣದಲ್ಲಿ.

"ಹನ್ನೊಂದು ಮನೆಗೆ ಹಂಚಿಬಿಡಿ" ಎಂದಳು ಹೆಂಡತಿ.

ಹಳೆಯದೇ ಸಾಕು, ಹಿಂದಕ್ಕೆ ಹೋಗಿಬಿಡೋಣ ಎಂದು ಮನಸ್ಸಾದಾಗ ಗೊತ್ತಾಯಿತು, ಹಿಂದಕ್ಕೆ ಹೋಗಲು ಒಂದು ಗುಂಡಿ ಕೊಟ್ಟಿರುತ್ತಾರೆ, ಆದರೆ ಹತ್ತು ದಿನ ಮಾತ್ರ. ಸೂತಕದಷ್ಟೇ. ಹತ್ತು ದಿನ ಹಳೆಯ ಸಿಸ್ಟಮ್ಮು ಹಾರ್ಡ್‌ಡಿಸ್ಕಿನ ಒಂದು ಮೂಲೆಯಲ್ಲಿ ಪ್ರೇತದಂತೆ ಕಾದು ಕೂತಿರುತ್ತದೆ. ಆಮೇಲೆ ಜಾಗ ಖಾಲಿ ಮಾಡಿಸುತ್ತಾರೆ. ನಾನು ಲೆಕ್ಕ ಹಾಕಿದಾಗ ಹನ್ನೊಂದನೆಯ ದಿನ ನಡೆಯುತ್ತಿತ್ತು.

ಹನ್ನೆರಡನೆಯ ದಿನ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಎರಡು ನಿಮಿಷ ನೋಡಿ, "ಹಳೇದರ ಮೇಲೆ ಹೊಸದು ಹಾಕಿದ್ದಕ್ಕೇ ಸಾರ್ ಇದೆಲ್ಲ. ಪೂರ್ತಿ ಅಳಿಸಿ ಕ್ಲೀನಾಗಿ ಹಾಕಿಬಿಡೋಣ. ಡಾಕ್ಯುಮೆಂಟು, ಫೋಟೋ ಎಲ್ಲ ಎತ್ತಿಟ್ಟುಕೊಳ್ತೀನಿ" ಎಂದ. ಒಪ್ಪಿದೆ. ಅವನು ಮಾತಿಗೆ ತಪ್ಪಲಿಲ್ಲ. ಡಾಕ್ಯುಮೆಂಟು, ಫೋಟೋ ಎಲ್ಲ ಎತ್ತಿಟ್ಟ. ಸ್ಪೀಕರು ಹಾಡಿತು, ಪ್ರಿಂಟರು ಮಾತಿಗೆ ಬಂತು. ಮನೆ ಖಾಲಿ ಮಾಡುವಾಗ ಪಾತ್ರೆ ಪಗಡೆ ಎಲ್ಲ ಸಾಗಿಸಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಕನ್ನಡಕದ ಚೀಲವನ್ನು ಮರೆತಿದ್ದೇವೆಂದು ಮಾತ್ರ ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ಹೊಳೆದದ್ದು ಊರಿನಿಂದ ತಮ್ಮನ ಫೋನು ಬಂದಾಗ. ತೋಟದಲ್ಲಿ ಮಣ್ಣಿನಡಿಯ ಪೈಪು ಒಡೆದು ನೀರೆಲ್ಲ ಪೋಲಾಗುತ್ತಿತ್ತು. "ಪೈಪು ಯಾವ ದಾರಿಯಲ್ಲಿ ಹೋಗ್ತದೆ ಅಂತ ಅಪ್ಪ ಬರೆದಿಟ್ಟಿದ್ದಾರಲ್ಲ ಮಾರಾಯ, ನಿನ್ನ ಹತ್ತಿರ ಉಂಟಲ್ಲ ಆ ಫೈಲು, ಸ್ವಲ್ಪ ನೋಡಿ ಹೇಳು" ಎಂದ.

ಉಂಟು. 'ತೋಟದ ಲೆಕ್ಕ' ಎಂಬ ಫೈಲು. ಅಪ್ಪ ಹೋದ ಮೇಲೆ ಅವರ ಹಳೆಯ ಕಂಪ್ಯೂಟರಿನಿಂದ ನನ್ನ ಪಾಲಿಗೆ ಬಂದ ಆಸ್ತಿ. ತೆರೆದೆ. ನೂರಾರು ಪುಟ. ಒಂದಕ್ಷರ ಕನ್ನಡವಿಲ್ಲ.

ಅದರ ಮೊದಲ ಸಾಲು ನನಗೆ ಬಾಯಿಪಾಠ, ಆ ಸಾಲನ್ನು ಅಪ್ಪ ಹೊಡೆಯುವಾಗ ಹಿಂದೆ ನಿಂತಿದ್ದವನು ನಾನು. 'ಅಪ್ಪನ ಕಾಲದಲ್ಲಿ ತೋಡಿದ ಬಾವಿ' ಎಂದು ಶುರುವಾಗುತ್ತದೆ. ಈಗ ಆ 'ಅಪ್ಪನ' ಎಂಬ ಜಾಗದಲ್ಲಿ ಇದ್ದದ್ದು ಹೀಗೆ: ಮೊದಲು ಇಂಗ್ಲಿಷಿನ ಸಿ. ಅದರ ಪಕ್ಕ ಜಪಾನಿನ ಯೆನ್ನಿನ ಗುರುತು. ಆಮೇಲೆ ತಲೆಯ ಮೇಲೊಂದು ಓರೆಗೀಟು ಹೊತ್ತ ದೊಡ್ಡ ಎ, ಅದೇ ಗೀಟು ಹೊತ್ತ ಚಿಕ್ಕ ಎ. ಮುಂದೆ ಬ್ರಿಟನ್ನಿನ ಪೌಂಡು. ಕೊನೆಗೆ ಮತ್ತೆ ಗೀಟಿನ ಎ. ಜೀವಮಾನವಿಡೀ ರೂಪಾಯಿಗೇ ಪರದಾಡಿದ ಮನುಷ್ಯನ ಮೊದಲ ಪದದಲ್ಲೇ ಎರಡು ದೇಶದ ನಾಣ್ಯ!

ಹುಚ್ಚು ಬರಹದಂತೆ ಕಂಡರೂ ಇದರಲ್ಲಿ ಲೆಕ್ಕಾಚಾರವಿದೆ. ಅಪ್ಪ ಬರೆದದ್ದು ನುಡಿ ಎಂಬ ತಂತ್ರಾಂಶದಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೂ ಮೊದಲು 1998ರಲ್ಲಿ ಬಂದ ಬರಹ, ಇವೆರಡೂ ಇಲ್ಲದಿದ್ದರೆ ನಮ್ಮ ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಆಗಿನ ಫಾಂಟಿನಲ್ಲಿ ಇದ್ದದ್ದೇ 256 ಮನೆ. ಎಲ್ಲವೂ ಯುರೋಪಿನ ಅಕ್ಷರಗಳ ಹೆಸರಿಗೆ ನೋಂದಣಿಯಾದವು. ಕನ್ನಡದ ಕಾಗುಣಿತ, ಒತ್ತು ಎಲ್ಲ ಸೇರಿದರೆ ಸಾವಿರಗಟ್ಟಲೆ ಆಕಾರ. ಹಾಗಾಗಿ ಅಕ್ಷರವನ್ನು ತುಂಡು ತುಂಡು ಮಾಡಿ, ತಲೆಕಟ್ಟು ಬೇರೆ, ಮೈ ಬೇರೆ, ಒತ್ತು ಬೇರೆ ಮಾಡಿ, ಆ ಪರದೇಶದ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ಪೌಂಡಿನ ಮನೆಯಲ್ಲಿ ನಕಾರದ ಮೈ, ಯೆನ್ನಿನ ಮನೆಯಲ್ಲಿ ಪಕಾರದ ಮೈ. ಆ ಓರೆಗೀಟಿನ ದೊಡ್ಡ ಎ ಇದೆಯಲ್ಲ, ಅದೇ ತಲೆಕಟ್ಟು! ಫಾಂಟು ಇರುವವರೆಗೆ ಎಲ್ಲರೂ ಕನ್ನಡದ ವೇಷದಲ್ಲಿ ಕಾಣುತ್ತಾರೆ. ಫಾಂಟು ಹೋಯಿತೋ, ಚೌಕಿಯಲ್ಲಿ ಬಣ್ಣ ತೊಳೆದ ಯಕ್ಷಗಾನದವರಂತೆ, ರಾವಣನೂ ಇಲ್ಲ ರಾಮನೂ ಇಲ್ಲ, ಬೀಡಿ ಹಚ್ಚಿಕೊಂಡ ಯಾರೋ ಕೂತಿರುತ್ತಾರೆ. ರಿಪೇರಿ ಅಂಗಡಿಯ ಹುಡುಗ ಎತ್ತಿಡದೆ ಬಿಟ್ಟದ್ದು ಆ ಫಾಂಟನ್ನು.

ಅಪ್ಪ ಗಣಿತದ ಮೇಷ್ಟ್ರು. ನಿವೃತ್ತಿಯಾದ ಮೇಲೆ, 2004ರಲ್ಲಿ, ಬೆನ್ನು ಡೊಳ್ಳಾದ ಮಾನಿಟರಿನ ಒಂದು ಕಂಪ್ಯೂಟರನ್ನು ಆಟೋರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಕಲಿತದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕಿನ್ನಿಕಂಬಳದವರು, ನಮ್ಮ ಕಡೆಯವರೇ ಎಂಬ ಅಭಿಮಾನ ಬೇರೆ. ಆ ವಿನ್ಯಾಸದ ಗುಟ್ಟೆಲ್ಲ ಎಫ್ ಕೀಲಿಯಲ್ಲಿದೆ. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಎರಡನೆಯದು ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ಅಪ್ಪ ಇದನ್ನು ಒಂದು ಪ್ರಮೇಯದ ಹಾಗೆ ಆನಂದಿಸಿದರು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ, ಕೋಳಿ ಕಾಳು ಹೆಕ್ಕಿದಂತೆ ಹೊಡೆಯುತ್ತಿದ್ದರು, ಎಫ್ ಬಂದಾಗ ಮಾತ್ರ ಜೋರಾಗಿ. ಒತ್ತು ಎಂದ ಮೇಲೆ ಒತ್ತಬೇಡವೇ? ವರ್ಷಗಳಲ್ಲಿ ಆ ಕೀಲಿಯ ಮೇಲಿನ ಅಕ್ಷರ ಪೂರ್ತಿ ಸವೆದುಹೋಯಿತು. ಚಾವಡಿಯಲ್ಲಿ ಅಪ್ಪ ಟೈಪು ಮಾಡುತ್ತಿದ್ದರೆ ಅಡುಗೆಮನೆಯಿಂದಲೇ ಅಮ್ಮನಿಗೆ, ಈಗ ಸುಲಭದ ಪದ, ಈಗ ಸಂಸ್ಕೃತ ಬಂತು ಎಂದು ತಿಳಿಯುತ್ತಿತ್ತು.

ಅಪ್ಪ ಕೂತು ಬರೆಯಲು ಶುರು ಮಾಡುವ ಹೊತ್ತಿಗೆ ಲೋಕದ ಲಿಪಿಗಳಿಗೆ ಸ್ವಂತ ಮನೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದ್ದೇ ಆದ 128 ಮನೆಗಳ ಬೀದಿ ಸಿಕ್ಕಿ 13 ವರ್ಷವಾಗಿತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇದೆ. ಬೀದಿಯೇನೋ ಇತ್ತು, ನಮ್ಮ ಮನೆಯವರೆಗೆ ರಸ್ತೆ ಆಗಿರಲಿಲ್ಲ. ಪತ್ರಿಕೆ, ಪಂಚಾಯತಿ, ಮದುವೆ ಕಾಗದ ಎಲ್ಲರೂ ಬಾಡಿಗೆ ಮನೆಯಲ್ಲೇ ಇದ್ದರು. ಮುಂದೆ ನುಡಿಯೂ ಯುನಿಕೋಡಿಗೆ ದಾಟಿತು. ಅಪ್ಪ ದಾಟಲಿಲ್ಲ. "ಅಭ್ಯಾಸ ಆದದ್ದು ಸಾಕು" ಎಂದರು.

ಪರದೆಯ ಚಿತ್ರವನ್ನು ಮಗಳಿಗೆ ಕಳಿಸಿದೆ. ಅವಳ ಮೊದಲ ಪ್ರಶ್ನೆ ಎಂದಿನದೇ. "ರೀಸ್ಟಾರ್ಟ್ ಮಾಡಿದ್ಯಾ?" ಈ ಮಕ್ಕಳಿಗೆ ಇದು ಗಾಯತ್ರಿ ಮಂತ್ರ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಅಜ್ಜ ಜರ್ಮನ್ ಬರೆದಿದ್ದಾರೆ! ನಡುವೆ ಎಸ್ತ್ಸೆಟ್ ಇದೆ ನೋಡು" ಎಂದು ಕಿರುಚಿದಳು. ಎರಡು ಎಸ್ ಸೇರಿದರೆ ಜರ್ಮನ್ನರು ಬರೆಯುವ ಅಕ್ಷರವಂತೆ, ಕಂಡರೆ ಹೊಟ್ಟೆ ಬಂದ ಬಿ ಹಾಗಿದೆ. ನಮ್ಮ ಫೈಲಿನಲ್ಲಿ ಅದು ನಕಾರದ ಒತ್ತು. ಅಂದರೆ ಕನ್ನಡ ಎಂಬ ಪದ ನಿಂತಿರುವುದೇ ಒಂದು ಪೌಂಡು ಮತ್ತು ಒಂದು ಜರ್ಮನ್ ಅಕ್ಷರದ ಮೇಲೆ. ಅರ್ಕಾವೊತ್ತಿನ ಜಾಗದಲ್ಲಿ ಇದ್ದದ್ದು ಐಸ್‌ಲ್ಯಾಂಡಿನವರು ಬಳಸುವ ಅಕ್ಷರ ಎಂದೂ ಅವಳೇ ಹುಡುಕಿ ಹೇಳಿದಳು. ಅಪ್ಪ ಬದುಕಿನಲ್ಲಿ ಹೋದ ಅತಿ ದೂರದ ಊರು ಕಾಶಿ.

ಹಳೆಯದನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಇವೆ. ಒಂದಕ್ಕೆ ಫೈಲಿನ ಎರಡು ಪುಟ ತಿನ್ನಿಸಿದೆವು. ಕನ್ನಡ ಬಂತು, ಜೀವ ಬಂದಂತಾಯಿತು. ಆದರೆ ಅದು ಕಂಡ ಕಂಡ ಇಂಗ್ಲಿಷನ್ನೂ ಕನ್ನಡ ಮಾಡಿಬಿಟ್ಟಿತ್ತು. ಅದರ ಕಣ್ಣಿಗೆ ಎ ಎಂದರೆ ಅನುಸ್ವಾರ, ಬಿ ಎಂದರೆ ವಿಸರ್ಗ, ಸಿ ಎಂದರೆ ಅ. ಹೆಸರಿನ ಮುಂದೆ ಅಪ್ಪ ಇಂಗ್ಲಿಷಿನಲ್ಲಿ ಹಾಕಿಕೊಂಡಿದ್ದ ಬಿ.ಎ. ಪದವಿ ಒಂದು ವಿಸರ್ಗ, ಒಂದು ಅನುಸ್ವಾರವಾಗಿ ಕೂತಿತ್ತು. ಎರಡು ಸೊನ್ನೆ, ಮೇಲೊಂದು ಕೆಳಗೊಂದು, ಪಕ್ಕದಲ್ಲಿ ಇನ್ನೊಂದು. ಮನೆಮಂದಿಯೆಲ್ಲ ಹೊಲ ಮಾರಿ ಓದಿಸಿದ ಪದವಿ. ಪೈಪಿನ ಅಳತೆಗಳಂತೂ ಮಂತ್ರವಾಗಿದ್ದವು.

ಆ ರಾತ್ರಿ ನನಗೆ ನೆನಪಾದದ್ದು ಅಟ್ಟದ ಮೇಲಿನ ಕಟ್ಟು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ತಾಳೆಗರಿಯ ಒಂದು ಕಟ್ಟು ಇದೆ, ತಿಗಳಾರಿ ಲಿಪಿಯದು. ಕರಾವಳಿ, ಮಲೆನಾಡಿನಲ್ಲಿ ಮಂತ್ರ, ಪೂಜೆಯ ಕ್ರಮ ಬರೆದಿಡುತ್ತಿದ್ದ ಲಿಪಿ, ನೋಡಲು ಮಲಯಾಳದ ದಾಯಾದಿ. ಅಜ್ಜ ಅದನ್ನು ಸರಾಗ ಓದುತ್ತಿದ್ದರು. ಅಪ್ಪ ಬೆರಳಿಟ್ಟು ತಡವರಿಸಿ ಅರ್ಧ ಓದುತ್ತಿದ್ದರು. ನನಗೆ ಅದು ಇರುವೆ ಸಾಲು. ಶಾರದಾ ಪೂಜೆಯ ದಿನ ಕೆಳಗಿಳಿಸಿ, ಧೂಳು ಹೊಡೆದು, ಕುಂಕುಮ ಹಚ್ಚಿ, ಮತ್ತೆ ಅಟ್ಟಕ್ಕೆ ಹಾಕುತ್ತೇವೆ. ಓದಲು ಬಾರದ್ದಕ್ಕೆ ನಮಸ್ಕಾರ ಮಾಡುವುದು ನಮ್ಮ ಮನೆಯ ಹಳೇ ಪದ್ಧತಿ. ತಮಾಷೆ ಕೇಳಿ: 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಸೇರಿಕೊಂಡಿದೆ. ಅಜ್ಜನ ಲಿಪಿಗೆ ಪಟ್ಟಾ ಸಿಕ್ಕಿತು. ನನ್ನದಕ್ಕೆ ಮೊದಲೇ ಇತ್ತು. ನಡುವೆ ಅಪ್ಪನ ಇಪ್ಪತ್ತು ವರ್ಷದ ಕನ್ನಡವೊಂದು ಬಾಡಿಗೆ ಮನೆಯಲ್ಲೇ ಉಳಿದುಬಿಟ್ಟಿತು. ಅದರಲ್ಲೂ ಅಪ್ಪನದು ಕನ್ನಡವೇ, ನಾನು ದಿನವೂ ಆಡುವ ಭಾಷೆಯೇ. ಅಜ್ಜನ ತಾಳೆಗರಿಗೆ ಗೆದ್ದಲು ಹಿಡಿಯಲು ನೂರು ವರ್ಷವಾದರೂ ಬೇಕಾಯಿತು.

ಬೆಳಿಗ್ಗೆ ಮೊದಲೆರಡು ಪುಟವನ್ನು ಆ ಯೆನ್ನು ಪೌಂಡುಗಳ ಸಮೇತ ಮುದ್ರಿಸಿಕೊಂಡು (ಪ್ರಿಂಟರು ಈಗ ವಿಧೇಯ), ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಕೋರ್ಟಿನ ಎದುರಿಗಿನ ಡಿಟಿಪಿ ಅಂಗಡಿಗೆ ಹೋದೆ. ಕ್ರಯಪತ್ರ, ಅಫಿಡವಿಟ್ಟುಗಳನ್ನು ಈಗಲೂ ನುಡಿಯಲ್ಲಿ ಹೊಡೆಯುವ ಜಾಗ. ಅಂಗಡಿಯವರಿಗೆ ನನ್ನದೇ ವಯಸ್ಸು. ಕಾಗದವನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಬೆರಳಿಟ್ಟು ಓದಿದರು.

"ಅಪ್ಪನ... ಕಾಲದಲ್ಲಿ... ತೋಡಿದ... ಬಾವಿ."

ನನಗೆ ಮೈ ಜುಂ ಎಂದಿತು. ಅದೇ ಬೆರಳು, ಅದೇ ತಡೆತಡೆದ ಓದು. "ನಿಮಗೆ ಇದು ಓದಲಿಕ್ಕೆ ಬರ್ತದಾ?" ಎಂದೆ, ಇಷ್ಟು ವರ್ಷ ಮೈಸೂರಿನಲ್ಲಿದ್ದೂ ಊರಿನ ಕನ್ನಡ ಬಾಯಿಗೆ ಬಂತು.

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಸಾರ್. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಎಷ್ಟು ಫೈಲು ನೋಡಿಲ್ಲ? ಓದಿ ಓದಿ ರೂಢಿ ಆಗೋಗಿದೆ. ನಮ್ಮ ಹುಡುಗರಿಗೆ ಬರಲ್ಲ." ಅಷ್ಟು ಹೇಳಿ ಅವರು ಪೆನ್‌ಡ್ರೈವಿಗೆ ನುಡಿಯ ಫಾಂಟುಗಳನ್ನು ಹಾಕಿಕೊಟ್ಟರು. ಎಷ್ಟಾಯಿತು ಎಂದರೆ ಹತ್ತು ರೂಪಾಯಿ ಎಂದರು. ಯೆನ್ನಲ್ಲ, ಪೌಂಡಲ್ಲ.

ಮನೆಗೆ ಬಂದು ಫಾಂಟನ್ನು ಕೂರಿಸಿ ಫೈಲು ತೆರೆದೆ. ಎಲ್ಲರೂ ವೇಷ ಕಟ್ಟಿಕೊಂಡು ನಿಂತಿದ್ದರು. ಪೈಪು ಸಿಕ್ಕಿತು: 'ಹಲಸಿನ ಮರದಿಂದ ತೆಂಕು ದಿಕ್ಕಿಗೆ ಏಳು ಹೆಜ್ಜೆ.' ಯಾರ ಹೆಜ್ಜೆ ಎಂದು ಬರೆದಿಲ್ಲ. ತಮ್ಮನಿಗೆ ಹೇಳಿದರೆ, ಹಲಸಿನ ಮರ ಕಡಿದು ಮೂರು ವರ್ಷವಾಯಿತು ಎಂದ. ಬುಡದ ಗುರುತು ಉಂಟಂತೆ, ನೋಡುತ್ತಾನಂತೆ.

ನಾನು ಫೈಲು ಮುಚ್ಚಲಿಲ್ಲ. ಯಾವ ಮಾವಿನ ಮಿಡಿ ಉಪ್ಪಿನಕಾಯಿಗೆ ಆಗುತ್ತದೆ, ಯಾವುದು ಆಗುವುದಿಲ್ಲ, ಊರಿನ ಸಮಾರಂಭಕ್ಕೆಂದು ಒಯ್ದ ಕೊಪ್ಪರಿಗೆಯನ್ನು ಯಾರು ಹಿಂದಿರುಗಿಸಿಲ್ಲ, ಎಲ್ಲ ಓದುತ್ತ ಕೂತೆ. ಕೊನೆಯ ಪುಟಕ್ಕೆ ಒಂದು ತಲೆಬರಹ ಇತ್ತು, 'ಕಂಪ್ಯೂಟರು ತಕರಾರು ಮಾಡಿದರೆ.' ಇದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೌಸು ಅಲುಗದಿದ್ದರೆ ಹೊಟ್ಟೆಯ ಗುಂಡು ತೆಗೆದು ಒರೆಸುವುದು. ಗುಡುಗು ಕೇಳಿದ ಕೂಡಲೇ ವಯರು ಕಳಚುವುದು, ಧಾರಾವಾಹಿ ಮುಗಿಯಲಿ ಎಂದು ಕಾಯಬಾರದು. ಇದು ಅಮ್ಮನಿಗೆ ಹೇಳಿದ್ದು. ಎಲ್ಲಕ್ಕಿಂತ ಕೊನೆಗೆ: 'ಕನ್ನಡ ಅಕ್ಷರಗಳು ಕಾಣದೆ ಹೋದರೆ ಗಾಬರಿಯಾಗಬಾರದು. ಚಾವಡಿಯ ಕಪಾಟಿನ ಎರಡನೆಯ ಖಾನೆಯಲ್ಲಿ ನುಡಿಯ ಸಿ.ಡಿ. ಉಂಟು. ಅದರಿಂದ ಫಾಂಟು ಹಾಕಿಕೊಳ್ಳುವುದು.'

ಕನ್ನಡ ಕಾಣದಿದ್ದರೆ ಏನು ಮಾಡಬೇಕೆಂದು ಕನ್ನಡದಲ್ಲಿ, ಅದೂ ಅದೇ ಫಾಂಟಿನಲ್ಲಿ! ಕಪಾಟಿನ ಬೀಗದ ಕೈಯನ್ನು ಕಪಾಟಿನೊಳಗೇ ಭದ್ರವಾಗಿಟ್ಟು ಬೀಗ ಜಡಿದ ಹಾಗೆ. ಗಣಿತದ ಮೇಷ್ಟ್ರು ಬೇರೆ. ಒಬ್ಬನೇ ಕೂತು ನಕ್ಕೆ. ನಕ್ಕು ಮುಗಿದ ಮೇಲೆ ಊರಿಗೆ ಫೋನು ಮಾಡಿದೆ.

"ಅಮ್ಮಾ, ಚಾವಡಿಯ ಕಪಾಟಿನಲ್ಲಿ ಅಪ್ಪನದೊಂದು ಸಿಡಿ ಉಂಟಾ ನೋಡು. ತಟ್ಟೆಯ ಹಾಗೆ ಹೊಳೆಯುವುದು."

"ಅದಾ?" ಎಂದಳು ಅಮ್ಮ. "ಅದನ್ನು ನಾನು ತೊಂಡೆ ಚಪ್ಪರಕ್ಕೆ ಕಟ್ಟಿದ್ದೇನೆ. ಗಾಳಿಗೆ ತಿರುಗುವಾಗ ಪಳಪಳ ಹೇಳ್ತದೆ, ಪಿಕಳಾರ ಹತ್ತಿರ ಬರುವುದಿಲ್ಲ. ನಿನಗೆ ಬೇಕಿತ್ತಾ? ಬಿಚ್ಚಿ ತೆಗೆದಿಡಲಾ?"

ನನ್ನ ಲ್ಯಾಪ್‌ಟಾಪಿಗೆ ಸಿಡಿ ಹಾಕಲು ಬಾಯಿಯೇ ಇಲ್ಲ.

"ಬೇಡ, ಅಲ್ಲೇ ಇರಲಿ" ಎಂದೆ. "ತೊಂಡೆಕಾಯಿ ಹೇಗೆ ಆಗಿದೆ ಈ ಸಲ?"